ಕೈಗುಣ

ಬೇರೆ ಜಾತಿಯಿಂದ ಬಂದಿದ್ದ ಸೊಸೆ ಮೀನಿನ ತೊಟ್ಟಿಯೊಳಗೆ ಕೈಯಿಳಿಸಿ ಗಾಜಿನ ಪಾಚಿ ಒರೆಸಿದಳು. ಒಂದಿಷ್ಟು ನೀರು ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟಿದ್ದ ನೀರನ್ನು ಬೆರೆಸಿದಳು.

“ಮೀನು ಹೇಗೆ ಕುಣೀತಿವೆ ನೋಡು! ಎಲ್ಲಾ ನಿನ್ನ ಕೈಗುಣ ಕಣೇ,” ಎಂದು ಗಂಡ ಕೆಲಸಕ್ಕೆ ಹೊರಟ. ದೇವರಕೋಣೆಯಿಂದ ಅತ್ತೆ ನೋಡುತ್ತಿದ್ದರು.

ಸೊಸೆ ಮಾರುಕಟ್ಟೆಯಿಂದ ಮರಳುವಷ್ಟರಲ್ಲಿ ತೊಟ್ಟಿಯ ನೀರು ಸ್ಫಟಿಕದಂತಿತ್ತು. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಅತ್ತೆ, ಎಲ್ಲಾ ನೀರೂ ಚೆಲ್ಲಿಬಿಟ್ರಾ? ನಲ್ಲಿ ನೀರು ಹಾಗೇ ಹಾಕಿದ್ರೆ ಕ್ಲೋರಿನ್‌ಗೆ ಸಾಯ್ತವೆ!”

“ಮತ್ತೆ? ನೀನು ಕೈ ಅದ್ದಿದ ನೀರನ್ನ ನಡುಮನೇಲಿ ಇಟ್ಕೋಬೇಕಿತ್ತಾ? ತೊಳೆದು, ಮಡೀಲಿ ಹೊಸ ನೀರು ತುಂಬಿಸಿದೆ.”

ಸಂಜೆ ಬಂದ ಮಗ ಬಾಗಿಲಲ್ಲೇ ನಿಂತುಬಿಟ್ಟ. “ಏನಾಯ್ತಮ್ಮ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಬೆಳಿಗ್ಗೆ ನೀನೇ ಹೇಳಿದ್ಯಲ್ಲೋ, ಅವಳ ಕೈಗುಣ!”