ನೆರಳು ಹುಡುಕಿ ಹೊರಟ ಕೊಕ್ಕೊ ಮರ

ಓಡಿಹೋದ ಮರವನ್ನು ಒಂದೇ ಡೈಲಾಗಿನಲ್ಲಿ ವಾಪಸ್ ಕರೆತರುವ ಗಂಡು ಈ ತಾಲೂಕಿಗೆ ನಾನೊಬ್ಬನೇ, ತಿಳಿದಿರಲಿ.

ಬಿಸಿಲು ಮಳೆ ಮನಸ್ಸಿಗೆ ಬಂದಂತೆ ಆದ ಮೇಲೆ ಚಾಕಲೇಟಿನ ಕಾಯಿ ಬಿಡುವ ಕೊಕ್ಕೊ ಮರಗಳು ನೆರಳು ಹುಡುಕಿ ನಡೆಯುತ್ತವೆ. ಎಲ್ಲರೂ ಹಸುವಿಗೆ ಕಟ್ಟಿದಂತೆ ಹಗ್ಗ ಕಟ್ಟುತ್ತಾರೆ. ಬಿಗಿದರೆ ಎಳೆಗಾಯಿ ಉದುರುತ್ತದೆಂದು ಜಲಜ ಚಿಕ್ಕಮ್ಮ ಮಾತ್ರ ಕಟ್ಟುವುದಿಲ್ಲ. ಅವರಿಗೆ ಉಳಿದಿದ್ದ ಒಂದೇ ಮರ ಇವತ್ತು ಪಕ್ಕದ ಫೆಲಿಕ್ಸ್ ಅಂಕಲ್ ತೋಟಕ್ಕೆ ಹೋಗಿ ನಿಂತಿತು. ಸಂಜೆಯೊಳಗೆ ಅಲ್ಲೇ ಬೇರು ಬಿಟ್ಟರೆ ಮರ ಅಂಕಲ್‌ಗೆ ಸೇರುತ್ತದೆ. ಊರಿನ ಕ್ರಮ ಹಾಗೆ.

ನಾನು ಕಾಲರ್ ಎತ್ತಿ ಮರದೆದುರು ನಿಂತೆ.

"ಏಯ್! ಚಿಕ್ಕಮ್ಮನ ನೀರು ಕುಡಿದ ಬೇರು ಬೇರೆಯವರ ಮಣ್ಣಿಗೆ ಇಳಿದ್ರೆ, ಈ ಕೈ ಸುಮ್ನೆ ಇರಲ್ಲ!"

ಮರ ಒಂದು ಬೇರು ಇಳಿಸಿತು.

"ಎಂತ ಮಾರಾಯ, ಅದಕ್ಕೆ ಕೂತ್ಕೊಳ್ಳಿಕ್ಕೆ ಹೇಳಿದ್ಯಾ?" ಎಂದು ಫೆಲಿಕ್ಸ್ ಅಂಕಲ್ ನಕ್ಕರು.

ಚಿಕ್ಕಮ್ಮ ದೊಡ್ಡ ಕೊಡೆ ಬಿಡಿಸಿ, ಎಳೆಗಾಯಿಗಳ ಮೇಲೆ ಹಿಡಿದು, ನಿಧಾನಕ್ಕೆ ಮನೆಯತ್ತ ನಡೆದರು. ಮರ ಬೇರು ಕಿತ್ತುಕೊಂಡು ನೆರಳಿನ ಹಿಂದೆಯೇ ಬಂತು.

ಸರಿ, ಒಪ್ಪಿದೆ: ಕರೆತಂದದ್ದು ಕೊಡೆ. ಈಗ ಅಂಗಳದಲ್ಲಿ ಆ ಕೊಡೆ ಹಿಡಿದು ನಿಂತಿರುವುದು ಮಾತ್ರ ನಾನೇ.

"ಅಲುಗಾಡ್ಬೇಡ ಮಗಾ," ಎಂದಿದ್ದಾರೆ ಚಿಕ್ಕಮ್ಮ. "ಡೈಲಾಗ್ ಬೇಡವೇ ಬೇಡ. ಅದಿನ್ನೂ ಬೇರು ಬಿಟ್ಟಿಲ್ಲ."