ನವಿಲಿನ ಪದ್ಯದ ಅಂಕಿತ

ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಯಾವ ಆಜ್ಞಾಭಾಷೆ ಅಳವಡಿಸಬೇಕೆಂದು ಅಂದು ಸಭೆ ತೀರ್ಮಾನಿಸಿತು. ಸಿಳ್ಳೆಭಾಷೆ ಸೋತು, ವೇಣುಬಾಯಿ ಇಪ್ಪತ್ತು ವರ್ಷ ಕೂತು ಕಟ್ಟಿದ ಪದ್ಯಭಾಷೆ ಗೆದ್ದಿತು.

ಅವಳ ಶಿಷ್ಯ ಶ್ಯಾಮಾಚಾರ ಅದನ್ನು ತಂತ್ರಾಂಶದೊಳಗೆ ಅಳವಡಿಸಿ ಹಾಡಿ ತೋರಿಸಿದ. ಅವನು ಹಾಡಿದಂತೆಲ್ಲ ಪರದೆಯ ಮೇಲೆ ನವಿಲೊಂದು ಗರಿ ಬಿಚ್ಚಿತು. ಆದರೆ ಕೊನೆಯ ಸಾಲಿನಲ್ಲಿ ಅವಳ ‘ಚಿತ್ರವಿಠಲ’ ಅಂಕಿತ ಬರಲಿಲ್ಲ. ಅವನ ‘ವರ್ಣವಿಠಲ’ ಬಂತು.

ವೇಣುಬಾಯಿ ಎದ್ದು ಅದೇ ಪದ್ಯವನ್ನು ತನ್ನ ಅಂಕಿತದಲ್ಲಿ ಹಾಡಿದಳು. ಪರದೆ ಬೆಳ್ಳಗೇ ಉಳಿಯಿತು.

“ನನ್ನ ಅಂಕಿತ ಎಲ್ಲಿ ಹೋತೋ, ಶ್ಯಾಮಾ?”

“ತಂತ್ರಾಂಶದ ಒಳಗ ಒಂದೇ ಅಂಕಿತಕ್ಕ ಜಾಗಾ ಇತ್ತರೀ, ಅವ್ವಾರ. ನಂದು ಹಾಕಿ ಹಾಡ್ರಿ, ನಿಮಗೂ ನವಿಲು ಬರತದ,” ಎಂದ ಅವನು, ಕಣ್ಣು ತಪ್ಪಿಸದೆ.

‘ವರ್ಣವಿಠಲ’ ಎಂಬ ಆ ಅಂಕಿತವನ್ನು ಹಿಂದೊಮ್ಮೆ ಅವನ ತಲೆಯ ಮೇಲೆ ಕೈಯಿಟ್ಟು ಕೊಟ್ಟವಳು ವೇಣುಬಾಯಿಯೇ.