ಕಾಗೆಗೆ ದನಿ ಕೊಟ್ಟವರು

ಆರು ನಿಮಿಷದ ಆ ಮಣ್ಣಿನ ಬೊಂಬೆಗಳ ಸಿನಿಮಾಕ್ಕೆ ಅವನು ನಾಲ್ಕು ವರ್ಷ ತೆಗೆದುಕೊಂಡಿದ್ದ. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಬಾಡಿಗೆ ಕೋಣೆಯಲ್ಲಿ ಎಲ್ಲವನ್ನೂ ಒಬ್ಬನೇ ಮಾಡಿದ್ದ. ಅದರಲ್ಲಿ ಬರುವ ಕಾಗೆಯ ಕೂಗನ್ನು ಕೂಡ ಮೂಗು ಹಿಡಿದುಕೊಂಡು ತಾನೇ ಕೂಗಿದ್ದ. ಕೊನೆಯಲ್ಲಿ ಹೆಸರುಗಳನ್ನು ಹಾಕುವಾಗ ಮಾತ್ರ ಕೈ ತಡೆಯಿತು. ಪ್ರತಿ ಸಾಲಿನಲ್ಲೂ ತನ್ನ ಹೆಸರೇ ಬಂದರೆ ನೋಡುವವರು ಅಯ್ಯೋ ಪಾಪ ಅಂದಾರು ಎಂದು, ಇಲ್ಲದ ಹನ್ನೊಂದು ಜನರ ಹೆಸರು ಹುಟ್ಟಿಸಿ ಬರೆದ.

ಆ ಸಿನಿಮಾಕ್ಕೆ ಬಹುಮಾನ ಬಂತು. ಸುದ್ದಿಯನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಬೊಂಬೆಗಳಿಗೇ ಹೇಳಿ, ಬಹುಮಾನ ಪಡೆಯಲು ಒಬ್ಬನೇ ಧಾರವಾಡಕ್ಕೆ ಬಂದ. ಸಭಾಂಗಣದಲ್ಲಿ ಇಪ್ಪತ್ತು ಮಂದಿಯೂ ಇರಲಿಲ್ಲ.

"ನಿಮ್ಮ ತಂಡದವರನ್ನೂ ವೇದಿಕೆಗೆ ಕರೀರಿ," ಎಂದರು ಮೈಕ್ ಹಿಡಿದಿದ್ದವರು.

"ಯಾರಿಗೂ ಬರಾಕ ಆಗಲಿಲ್ರಿ."

"ಹನ್ನೊಂದು ಮಂದ್ಯಾಗ ಒಬ್ಬರೂ ಇಲ್ಲೇನ್ರಿ?" ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು. "ಕಾಗಿಗೆ ದನಿ ಕೊಟ್ಟ ಗಂಗವ್ವ ಹೂಗಾರ ಅವರಾದ್ರೂ ಬಂದಾರೇನು? ಭಾಳ ಚಲೋ ಕೂಗ್ಯಾರ."

ಇನ್ನು ನಿಜ ಹೇಳದೆ ಗತಿಯಿಲ್ಲ ಎಂದುಕೊಂಡು ಅವನು ಮೈಕಿಗೆ ಕೈ ಚಾಚಿದ.

ಅಷ್ಟರಲ್ಲಿ, ಕೊನೆಯ ಸಾಲಿನಲ್ಲಿ ಒಬ್ಬಳೇ ಕೂತಿದ್ದ ಹೆಂಗಸು ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ಅವಳನ್ನು ಅವನು ಎಂದೂ ಕಂಡಿರಲಿಲ್ಲ.

"ಬಂದೀನ್ರಿ," ಎಂದಳು. "ಬಸ್ಸು ತಡಾ ಆತು."